ಅಡಗಿದ ಟ್ಯಾಪೆಟ್ ಸದ್ದು

"ಬುದ್ಧಿ, ಇದಕ್ಕಿಂತ ಗಟ್ಟಿಯಾದ ಮಂತ್ರ ಇಲ್ಲವೇ?" ಎಂದು ಓಂಕಾರಪ್ಪ ಗುರುಗಳನ್ನು ಕೇಳಿದ.

ಓಂಕಾರಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಕೆಲಸ ಬಿಟ್ಟು ಬಂದು ಮಠ ಸೇರಿದ್ದ. ಮುಂದಿನ ಹುಣ್ಣಿಮೆಗೆ ಅವನಿಗೆ ಕಾವಿ ಕೊಡುವುದೆಂದು ಮಾತಾಗಿತ್ತು. ಒಮ್ಮೆ ಕಾವಿ ಉಟ್ಟರೆ ಮತ್ತೆ ಬಿಳಿ ಬಟ್ಟೆಗೆ ಮರಳುವ ಹಾಗಿಲ್ಲ.

"ಇರುವ ಮಂತ್ರಕ್ಕೆ ಏನಾಯಿತಪ್ಪ?" ಎಂದರು ಗುರುಗಳು.

"ಸಂಜೆ ಜಪಕ್ಕೆ ಕೂತರೆ ಎದೆಯಲ್ಲಿ ಏನೋ ಕಟ್ಟಿಕೊಳ್ಳುತ್ತದೆ. ಕಣ್ಣಲ್ಲಿ ನೀರು ಬರುತ್ತದೆ. ಜಪ ಹೆಚ್ಚು ಮಾಡಿದೆ, ಹೋಯಿತು. ಮತ್ತೆ ಬಂತು. ರಾತ್ರಿ ಊಟ ಬಿಟ್ಟೆ, ಹೋಯಿತು. ಮತ್ತೆ ಬಂತು. ಈಗ ತಣ್ಣೀರು ಸುರಿದುಕೊಂಡು ಕೂರುತ್ತೇನೆ. ಅಡಗುತ್ತದೆ ಬುದ್ಧಿ, ಆದರೆ ಬಿಟ್ಟು ಹೋಗುವುದಿಲ್ಲ. ಹುಣ್ಣಿಮೆಯ ಒಳಗೆ ಅದು ಪೂರ್ತಿ ಅಡಗಬೇಕು."

ಗುರುಗಳು ಜಗುಲಿಯ ಮೇಲೆ ಕಾಲು ಮಡಚಿ ಕೂತರು. ಅಲ್ಲೇ ಮಠದ ಅಡುಗೆಯ ಹಾಲಮ್ಮ ದಾಸೋಹದ ಊಟಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದಳು.

"ಕೂತುಕೋ" ಎಂದರು ಗುರುಗಳು. "ನಿನಗೆ ಎತ್ತು ಬಂಡಿಯ ಕತೆ ಹೇಳಿದರೆ ನಾಟುವುದಿಲ್ಲ. ಎಂಜಿನ್ನಿನ ಕತೆ ಹೇಳುತ್ತೇನೆ."

"ಹಾಗಾದರೆ ನಾನು ಒಳಗೆ ಹೋಗುತ್ತೇನೆ ಬುದ್ಧಿ, ನನಗೇನು ತಿಳಿಯುತ್ತದೆ" ಎಂದಳು ಹಾಲಮ್ಮ.

"ನೀನು ಎದ್ದು ಹೋದರೆ ನಾಳೆ ಭಕ್ತರು ಅಂಗೈಯಲ್ಲಿ ಉಣ್ಣಬೇಕು. ಸುಮ್ಮನೆ ಕೂತಿರು. ನಿನಗೆ ತಿಳಿಯದಿದ್ದರೆ ಅದು ಕತೆಯೇ ಅಲ್ಲ."

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನಿಗೆ ಒಬ್ಬಳೇ ಮಗಳು. ಅವಳನ್ನು ಬಿಟ್ಟರೆ ಅವನಿಗೆ ತನ್ನವರು ಎನ್ನುವವರು ಇರಲಿಲ್ಲ.

ಆ ಊರಿನ ಹೊರಗೆ ಒಂದು ಹಳೆಯ ವಿಮಾನದ ಪಟ್ಟಿ ಇತ್ತು. ವಿಮಾನ ಇಳಿಯುವುದು ಎಂದೋ ನಿಂತಿತ್ತು. ಅಲ್ಲಿ ಕಾರುಗಳನ್ನು ಓಡಿಸುತ್ತಿದ್ದರು. ಎರಡು ಕಾರು ಪಕ್ಕಪಕ್ಕ ನಿಲ್ಲುತ್ತವೆ, ನೇರ ಓಡುತ್ತವೆ. ತಿರುವು ಇಲ್ಲ, ಏರು ಇಲ್ಲ. ಬಾಯಿಗೆ ಹಾಕಿಕೊಂಡ ತುತ್ತು ನುಂಗುವಷ್ಟರಲ್ಲಿ ಮುಗಿದುಹೋಗುತ್ತದೆ. ಕಾವಿ ಉಟ್ಟವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಿನ್ನ ಮುಖ ಕೇಳುತ್ತಿದೆ. ನಾನು ಹೋಗಿದ್ದೆ. ಓಟದವರು ದಾರಿಯಲ್ಲಿ ನಮ್ಮ ದಾಸೋಹಕ್ಕೆ ಬಂದು ಉಣ್ಣುತ್ತಿದ್ದರು. ಒಮ್ಮೆ ಬನ್ನಿ ಬುದ್ಧಿ ಎಂದು ಕರೆದರು, ಹೋದೆ. ಕಾರು ಹೊರಟಾಗ ನೆಲ ನಡುಗಿದ್ದು ಅಂಗಾಲಿಗೆ ತಿಳಿಯಿತು. ನನಗೆ ಭಯವಾಯಿತು. ಎರಡನೆಯ ಸಲ ಯಾರೂ ಕರೆಯದೆ ಹೋದೆ.

ಆ ಮೆಕ್ಯಾನಿಕ್ ಒಂದು ಹಳೆಯ ವಿದೇಶಿ ಕಾರು ತಂದ. ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿದ. ತನಗೆ ಬೇಕಾದ ಹಾಗೆ ಮತ್ತೆ ಕಟ್ಟಿದ.

ಹಾಲಮ್ಮ, ನಿನ್ನ ಒಲೆಗೆ ಗಾಳಿ ಒಳಗೆ ಬರಬೇಕು, ಹೊಗೆ ಹೊರಗೆ ಹೋಗಬೇಕು. ಎಂಜಿನ್ನಿಗೂ ಅಷ್ಟೇ. ಗಾಳಿಗೆ ಒಂದು ಬಾಗಿಲು, ಹೊಗೆಗೆ ಒಂದು ಬಾಗಿಲು. ಅವಕ್ಕೆ ವಾಲ್ವ್ ಎನ್ನುತ್ತಾರೆ. ಒಳಗೆ ಒಂದು ಉಕ್ಕಿನ ದಂಡ ತಿರುಗುತ್ತಿರುತ್ತದೆ. ಅದರ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿವೆ. ಅದು ಕ್ಯಾಮ್ ಶಾಫ್ಟು. ಉಬ್ಬು ಬಂದಾಗ ಟ್ಯಾಪೆಟ್ ಎಂಬ ಗೂಟ ಮೇಲೇಳುತ್ತದೆ, ಬಾಗಿಲು ತೆರೆಯುತ್ತದೆ. ಉಬ್ಬು ಹೋದಾಗ ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ. ಇಷ್ಟೇ ಅದರ ಸಂಸಾರ.

ನಮ್ಮ ನಿಮ್ಮ ಕಾರಿನ ಟ್ಯಾಪೆಟ್ಟುಗಳಲ್ಲಿ ಒಳಗೆ ಎಣ್ಣೆ ತುಂಬಿಕೊಂಡು ಮೆತ್ತಗಿರುವ ಜಾತಿ ಒಂದಿದೆ. ಅದು ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಸದ್ದು ಮಾಡುವುದಿಲ್ಲ. ಆದರೆ ಮಿತಿ ಮೀರಿ ಓಡಿಸಿದರೆ ಸೋತುಹೋಗುತ್ತದೆ. ಈ ಮನುಷ್ಯನಿಗೆ ಅದು ಬೇಡವಾಯಿತು. ಅವನು ಗಟ್ಟಿ ಉಕ್ಕಿನ ಟ್ಯಾಪೆಟ್ ಹಾಕಿದ. ಅದರ ಬುಡದಲ್ಲಿ ಒಂದು ಪುಟ್ಟ ಚಕ್ರ. ಚಕ್ರದ ಹೊಟ್ಟೆಯಲ್ಲಿ ಸೂಜಿಯಂಥ ಉಕ್ಕಿನ ಕಡ್ಡಿಗಳು. ಚಕ್ರ ಆ ಕಡ್ಡಿಗಳ ಮೇಲೆ ಉರುಳುತ್ತದೆ. ಮೇಲಿನಿಂದ ಸ್ಪ್ರಿಂಗು ಒತ್ತುತ್ತದೆ. ಆ ಸ್ಪ್ರಿಂಗಿನ ಮೇಲೆ ನಾನು ನಿಂತು ನೋಡಿದೆ. ಅದು ಜಗ್ಗಲಿಲ್ಲ. ಅಂಥ ಭಾರ, ಕೆಳಗಿನಿಂದ ಉಬ್ಬಿನ ಹೊಡೆತ, ನಿಮಿಷಕ್ಕೆ ಸಾವಿರಾರು ಸಲ. ಹೊರುವುದು ಆ ಕಡ್ಡಿಗಳು.

ನಾನು ಒಂದು ಕಡ್ಡಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ್ದೇನೆ. ನೆಲಕ್ಕೆ ಬಿದ್ದರೆ ಹುಡುಕಿದರೂ ಸಿಗುವುದಿಲ್ಲ, ಅಷ್ಟು ಸಣ್ಣದು. ಇದು ಅಷ್ಟನ್ನೂ ಹೊರುತ್ತದೆಯೇ ಎಂದು ಕೇಳಿದೆ. ಎಣ್ಣೆ ಇರುವವರೆಗೆ ಹೊರುತ್ತದೆ ಬುದ್ಧಿ ಎಂದ. ನನ್ನ ಮೈ ಜುಮ್ಮೆಂದಿತು. ಅಂಥದ್ದನ್ನು ಕಂಡಾಗ ಮನುಷ್ಯ ಕೈ ಮುಗಿಯುತ್ತಾನೆ. ನಾನೂ ಮುಗಿದೆ.

ಇನ್ನೊಂದು ಸಂಗತಿ ಇದೆ. ಗಟ್ಟಿ ಉಕ್ಕಿನ ಟ್ಯಾಪೆಟ್ ಹಾಕಿದರೆ ಅದಕ್ಕೂ ಬಾಗಿಲಿಗೂ ನಡುವೆ ಎಲ್ಲಾದರೂ ಒಂದು ಸಂದು ಬಿಡಬೇಕು. ಬಹಳ ಅಲ್ಲ, ಒಂದು ದಪ್ಪ ಕಾಗದ ತೂರುವಷ್ಟು. ಸಂದು ಇಲ್ಲದಿದ್ದರೆ ಬಾಗಿಲು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸಂದು ಹೆಚ್ಚಾದರೆ ಪ್ರತಿ ಸುತ್ತಿಗೂ ಸುತ್ತಿಗೆಯಲ್ಲಿ ಬಡಿದಂತೆ ಏಟು ಬೀಳುತ್ತದೆ. ಆದ್ದರಿಂದ ತೆಳು ತಗಡಿನ ಗೇಜು ತೂರಿಸಿ ಅಳೆಯುತ್ತಾರೆ. ಮೇಲೊಂದು ತಿರುಪು ಇರುತ್ತದೆ. ಅದನ್ನು ಒಳಗೆ ತಿರುಗಿಸಿದರೆ ಸಂದು ಕಡಿಮೆ, ಹೊರಗೆ ತಿರುಗಿಸಿದರೆ ಹೆಚ್ಚು.

"ಡಿಪೋದಲ್ಲಿ ಟ್ಯಾಪೆಟ್ ಸೆಟ್ ಮಾಡಿ ಮಾಡಿ ನನ್ನ ಬೆರಳು ಸವೆದಿವೆ ಬುದ್ಧಿ" ಎಂದ ಓಂಕಾರಪ್ಪ.

"ಗೊತ್ತಿದ್ದವನಿಗೇ ಈ ಕತೆ" ಎಂದರು ಗುರುಗಳು. "ಗೊತ್ತಿಲ್ಲದವನು ಈ ತಪ್ಪು ಮಾಡುವುದಿಲ್ಲ."

ಕಾರು ಸಿದ್ಧವಾಯಿತು. ಮಗಳೇ ಓಡಿಸಿದಳು. ಪಟ್ಟಿಯ ಮೇಲೆ ಅವಳನ್ನು ಹಿಂದೆ ಹಾಕುವವರು ಇಲ್ಲವಾದರು. ಅಪ್ಪ ಮಗಳಿಗೆ ಒಂದು ಪದ್ಧತಿ ಇತ್ತು. ಕಾರು ಗೆರೆಗೆ ಬಂದು ನಿಂತಾಗ ಅವನು ಪಕ್ಕದಲ್ಲಿ ನಿಂತು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಎಲ್ಲ ಸರಿಯಿದೆ ಅನಿಸಿದಾಗ ಕೈ ಎತ್ತಿ ಹಿಂದೆ ಸರಿಯುತ್ತಿದ್ದ. ಅವನ ಕೈ ಏಳುವವರೆಗೆ ಅವಳು ಓಟಕ್ಕೆ ಅಪ್ಪಣೆ ಕೊಡುವ ದೀಪದ ಕಡೆಗೆ ನೋಡುತ್ತಲೂ ಇರಲಿಲ್ಲ. ಓಟ ನಡೆಸುವವರಿಗೂ ಅದು ರೂಢಿಯಾಗಿತ್ತು. ಆ ಕೈಗಾಗಿ ಅವರೂ ಕಾಯುತ್ತಿದ್ದರು.

ಸ್ವಲ್ಪ ದಿನಕ್ಕೆ ಮಗಳು ಅದೇ ಕಾರನ್ನು ಊರೊಳಗೂ ಓಡಿಸುತ್ತೇನೆ ಎಂದಳು.

"ಇದು ಪಟ್ಟಿಗೆ ಮಾಡಿದ್ದಮ್ಮ, ಪೇಟೆಗೆ ಅಲ್ಲ" ಎಂದ ತಂದೆ.

"ಓಡೋದಕ್ಕೆ ತಾನೇ ಅಪ್ಪಾ ಮಾಡಿದ್ದು? ಅಷ್ಟು ಜೋರಾಗಿ ಓಡಿದರೂ ಏನೂ ಆಗಲ್ಲ. ಪೇಟೆಯಲ್ಲಿ ನಿಧಾನ ಹೋದರೆ ಏನಾಗತ್ತೆ?"

ಎಲ್ಲರಿಗೂ ಹಾಗೇ ಅನಿಸುತ್ತದೆ. ನನಗೂ ಅನಿಸಿತ್ತು. ಓಟ ಕಷ್ಟ, ನಿಲುಗಡೆ ವಿಶ್ರಾಂತಿ. ಆದರೆ ಆ ಎಂಜಿನ್ನಿನಲ್ಲಿ ಅದು ತಿರುಗುಮುರುಗು. ಎಂಜಿನ್ ಜೋರಾಗಿ ತಿರುಗಿದಾಗ ಒಳಗಿನ ಎಣ್ಣೆ ಎಲ್ಲ ಕಡೆ ಸಿಡಿಯುತ್ತದೆ, ಆ ಚಕ್ರಗಳ ಬಾಯಿಗೂ ಬೀಳುತ್ತದೆ. ಸಿಗ್ನಲ್ಲಿನಲ್ಲಿ, ರೈಲ್ವೆ ಗೇಟಿನಲ್ಲಿ, ಸುಮ್ಮನೆ ಗುರುಗುಟ್ಟುತ್ತ ನಿಂತಾಗ ಎಣ್ಣೆ ಸಿಡಿಯುವುದಿಲ್ಲ. ಸ್ಪ್ರಿಂಗು ಮಾತ್ರ ಹಾಗೇ ಒತ್ತುತ್ತಿರುತ್ತದೆ. ನಾವು ವಿಶ್ರಾಂತಿ ಅಂದುಕೊಂಡಿದ್ದೇ ಅದಕ್ಕೆ ಉಪವಾಸ. ಪಟ್ಟಿಯ ಮೇಲೆ ಸಾಯದ್ದು ಪೇಟೆಯಲ್ಲಿ ಸಾಯುತ್ತದೆ.

ತಂದೆಗೆ ಇದು ಗೊತ್ತಿತ್ತು. ಆದರೂ ಮಗಳು ಕೇಳಿದಳಲ್ಲ, ಒಪ್ಪಿದ. ಒಪ್ಪಿದ್ದಕ್ಕೆ ಪ್ರಾಯಶ್ಚಿತ್ತ ಎನ್ನುವಂತೆ ಒಂದು ವ್ರತ ಹಿಡಿದ. ಪ್ರತಿ ಶನಿವಾರ ಬೆಳಿಗ್ಗೆ ಎಂಜಿನ್ನಿನ ಮೇಲ್ಮುಚ್ಚಳ ತೆಗೆದು ಎಲ್ಲ ವಾಲ್ವುಗಳ ಸಂದನ್ನೂ ಅಳೆಯುವುದು. ಮದುವೆಗೆ ಕರೆದರೂ ಹೋಗಲಿಲ್ಲ, ಜ್ವರ ಬಂದರೂ ಬಿಡಲಿಲ್ಲ. ಇವನು ಶನಿಮಹಾತ್ಮನ ಪೂಜೆ ಗ್ಯಾರೇಜಿನಲ್ಲೇ ಮಾಡುತ್ತಾನೆ ಎಂದು ಓಣಿಯವರು ನಗುತ್ತಿದ್ದರು. ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಆ ಕೆಲಸದಲ್ಲಿ ಅವನಿಗೆ ಸುಖವಿತ್ತು.

ಒಂದು ಶನಿವಾರ ಎಡಸಾಲಿನ ಕೊನೆಯ ವಾಲ್ವಿನ ಸಂದು ಕೊಂಚ ಹೆಚ್ಚಾಗಿತ್ತು. ಎಂಜಿನ್ ನಡೆಯುವಾಗ ಅಲ್ಲಿಂದ ಟಿಕ್ ಟಿಕ್ ಎಂದು ಒಂದು ಸದ್ದು ಬರುತ್ತಿತ್ತು. ಅವನು ತಿರುಪನ್ನು ಒಳಗೆ ತಿರುಗಿಸಿದ. ಗೇಜು ಸರಿಯಾಗಿ ಬಿಗಿಯಿತು. ಸದ್ದು ನಿಂತಿತು. ಕೈ ಒರೆಸಿಕೊಂಡು ಕಾಫಿ ಕುಡಿದ.

ಮುಂದಿನ ಶನಿವಾರ ಅದೇ ವಾಲ್ವು. ಅದೇ ಟಿಕ್ ಟಿಕ್. ಮತ್ತೆ ತಿರುಗಿಸಿದ. ಮತ್ತೆ ಸದ್ದು ನಿಂತಿತು.

ಓಂಕಾರಪ್ಪ, ಆ ಕೆಲಸದವರಲ್ಲಿ ಒಂದು ಕಟ್ಟಳೆ ಇದೆ. ಎಲ್ಲ ಸಂದುಗಳೂ ಕೊಂಚ ಕೊಂಚ ಬದಲಾದರೆ ತಿರುಪು ತಿರುಗಿಸಬಹುದು. ಒಂದೇ ಸಂದು ಮತ್ತೆ ಮತ್ತೆ ಅಗಲವಾದರೆ ತಿರುಪು ಮುಟ್ಟಬಾರದು. ಎಂಜಿನ್ ಬಿಚ್ಚಬೇಕು. ಟ್ಯಾಪೆಟ್ಟನ್ನು ಹೊರಗೆ ತೆಗೆದು ಅದರ ಚಕ್ರ ನೋಡಬೇಕು. ಯಾಕೆಂದರೆ ಒಳಗೆ ಏನೋ ಸವೆಯುತ್ತಿದೆ. ಆ ಚಕ್ರ ಓಟದಲ್ಲಿ ಒಡೆದರೆ ಚೂರುಗಳು ಎಂಜಿನ್ನಿನ ಹೊಟ್ಟೆಗೆ ಬೀಳುತ್ತವೆ. ಎಂಜಿನ್ ತಿರುಗದೆ ಹಿಡಿದುಕೊಳ್ಳುತ್ತದೆ, ಹಿಂದಿನ ಗಾಲಿಗಳು ಕಚ್ಚಿ ನಿಲ್ಲುತ್ತವೆ. ಆ ವೇಗದಲ್ಲಿ ಗಾಲಿ ನಿಂತರೆ ಕಾರು ಉರುಳುತ್ತದೆ. ಹಿಂದೊಮ್ಮೆ ಅದೇ ಪಟ್ಟಿಯಲ್ಲಿ ಒಬ್ಬ ಹುಡುಗ ಹಾಗೇ ಹೋಗಿದ್ದ. ಅವನನ್ನು ಎತ್ತಿಕೊಂಡು ಬಂದವರಲ್ಲಿ ಈ ಮೆಕ್ಯಾನಿಕ್ಕೂ ಒಬ್ಬ.

ಈ ಕಟ್ಟಳೆ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನೇ ಹತ್ತು ಜನಕ್ಕೆ ಕಲಿಸಿದ್ದ. ಆದರೆ ಎಂಜಿನ್ ಬಿಚ್ಚುವುದೆಂದರೆ ದೊಡ್ಡ ಕೆಲಸ. ತಿರುಪು ತಿರುಗಿಸುವುದು ಕೈ ತಿರುಗಿಸಿದಷ್ಟು ಸುಲಭ. ಬಿಸಿಲಿಗೆ ಹಾಗಾಗಿರಬೇಕು ಅಂದುಕೊಂಡ. ಹೊಸ ತಿರುಪು, ಕೂರುತ್ತಿರಬೇಕು ಅಂದುಕೊಂಡ. ಎಲ್ಲಕ್ಕಿಂತ ಹೆಚ್ಚಾಗಿ, ತಿರುಗಿಸಿದ ಕೂಡಲೇ ಸದ್ದು ನಿಲ್ಲುತ್ತಿತ್ತಲ್ಲ, ಅದು ಅವನನ್ನು ಕೆಡಿಸಿತು. ಸದ್ದು ನಿಲ್ಲದೆ ಹೋಗಿದ್ದರೆ ಅವನು ಎಂದೋ ಬಿಚ್ಚಿ ನೋಡುತ್ತಿದ್ದ. ಅವನು ಸೋಮಾರಿ ಅಲ್ಲ. ಸೋಮಾರಿಯಾಗಿದ್ದರೆ ಆ ಟಿಕ್ ಟಿಕ್ ಜೋರಾಗಿ ಇಡೀ ಓಣಿಗೆ ಕೇಳಿಸುತ್ತಿತ್ತು. ಯಾರಾದರೂ ಹೇಳುತ್ತಿದ್ದರು. ಅವನ ಶ್ರದ್ಧೆಯೇ ಅದನ್ನು ಯಾರಿಗೂ ಕೇಳಿಸದಂತೆ ಮಾಡಿತು.

ಹೀಗೆ ಶನಿವಾರಗಳು ಕಳೆದವು. ಆ ಒಂದು ಸಂದು ಅಗಲವಾಗುತ್ತಿತ್ತು, ಅವನು ಮುಚ್ಚುತ್ತಿದ್ದ.

ಆ ವರ್ಷ ಹೊರರಾಜ್ಯದ ಒಬ್ಬ ಓಟಗಾರ ಬಂದ. ಎಲ್ಲೂ ಸೋಲದವನು ಎಂದು ಹೆಸರಾಗಿದ್ದವನು. ಕೊನೆಯ ಓಟ ಅವನಿಗೂ ಈ ಹುಡುಗಿಗೂ ಎಂದು ನಿಗದಿಯಾಯಿತು. ಸುತ್ತಲ ಊರುಗಳಿಂದ ಜನ ಬಂದರು. ನಾನೂ ಬೇಲಿಯ ಹತ್ತಿರ ನಿಂತಿದ್ದೆ. ಯಾರೋ ನನಗೆ ಒಂದು ಸ್ಟೂಲು ತಂದು ಕೊಟ್ಟರು. ಅದರ ಮೇಲೆ ಒಬ್ಬ ಅಜ್ಜನನ್ನು ಕೂರಿಸಿ ನಾನು ನಿಂತೇ ನೋಡಿದೆ. ಕೂತು ನೋಡುವಂಥದ್ದಲ್ಲ ಅದು.

ಓಟದ ಮುಂಚೆ ತಂದೆ ಮುಚ್ಚಳ ತೆಗೆದು ಸಂದುಗಳನ್ನು ಅಳೆದ. ಅದೇ ವಾಲ್ವಿನ ಸಂದು ಮತ್ತೆ ಅಗಲವಾಗಿತ್ತು. ಮುಚ್ಚಿದ. ಆಗ ಅವನ ಕಣ್ಣಿಗೆ ಒಂದು ಸಂಗತಿ ಬಿತ್ತು. ಉಳಿದ ತಿರುಪುಗಳೆಲ್ಲ ಒಂದೇ ಎತ್ತರಕ್ಕೆ ನಿಂತಿದ್ದವು. ಇದೊಂದು ಮಾತ್ರ ತಗ್ಗಿತ್ತು. ಸಾಲಾಗಿ ನಿಂತ ಮಕ್ಕಳಲ್ಲಿ ಒಂದು ಮಗು ಕುಕ್ಕರಿಸಿದ ಹಾಗೆ ಕಾಣುತ್ತಿತ್ತು. ಅವನು ಅದರ ಮೇಲಿನ ಎಣ್ಣೆ ಒರೆಸಿದ. ಮುಚ್ಚಳ ಹಾಕಿದ.

ಮಗಳು ಕಾರನ್ನು ಗೆರೆಗೆ ತಂದು ನಿಲ್ಲಿಸಿದಳು. ಪಕ್ಕದಲ್ಲಿ ಹೊರರಾಜ್ಯದವನ ಕಾರು. ಎರಡೂ ಎಂಜಿನ್ನುಗಳು ಗುರುಗುಟ್ಟುತ್ತಿದ್ದವು. ಬೇಲಿಯ ತಂತಿ ನನ್ನ ಕೈಯಲ್ಲಿ ನಡುಗುತ್ತಿತ್ತು. 

ತಂದೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

ಎಂಜಿನ್ ಅಂದು ಬಹಳ ಚೆನ್ನಾಗಿ ನಡೆಯುತ್ತಿತ್ತು. ಒಂದು ಅಪಸ್ವರ ಇರಲಿಲ್ಲ. ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಆ ತಗ್ಗಿದ ತಿರುಪು ಅವನ ಕಣ್ಣ ಮುಂದೆ ಬಂತು. ತಿರುಪು ಅಷ್ಟು ಒಳಗೆ ಇಳಿದಿದೆ. ಇಳಿಯಲು ಜಾಗ ಎಲ್ಲಿಂದ ಬಂತು? ತಾನು ಇಷ್ಟು ಶನಿವಾರ ಮುಚ್ಚಿದ ಸಂದನ್ನೆಲ್ಲ ಕೂಡಿಸಿದರೆ, ಅಷ್ಟು ಉಕ್ಕು ಎಲ್ಲಿ ಹೋಯಿತು?

ಅವನ ಕೈ ಏಳಲಿಲ್ಲ.

ಓಟ ನಡೆಸುವವನು ಸನ್ನೆ ಮಾಡಿದ. ಕೈ ಏಳಲಿಲ್ಲ. ಜನ ಗದ್ದಲ ಎಬ್ಬಿಸಿದರು. ಪಕ್ಕದ ಕಾರಿನವನು ಸಹನೆ ಕಳೆದುಕೊಂಡು ಎಂಜಿನ್ ಏರಿಸಿದ. ಮಗಳು ಗಾಜಿನ ಒಳಗಿನಿಂದ ತಂದೆಯ ಮುಖ ನೋಡುತ್ತಿದ್ದಳು. ಅವನು ಕಿಟಕಿಯ ಕಡೆಗೆ ಬಾಗಿದ. ಕೈಯನ್ನು ಮಾತ್ರ ತೆಗೆಯಲಿಲ್ಲ.

"ಆಫ್ ಮಾಡಮ್ಮ" ಎಂದ.

"ಯಾಕಪ್ಪಾ? ಸದ್ದು ಸರಿಯಾಗೇ ಇದೆಯಲ್ಲ."

"ಅದಕ್ಕೇ."

ಅವಳಿಗೆ ಅರ್ಥವಾಗಲಿಲ್ಲ. ಆ ಓಟಕ್ಕಾಗಿ ಅವಳು ಹಗಲಿರುಳು ಹಂಬಲಿಸಿದ್ದಳು. ಅವಳು ಗೇರು ಹಾಕಿ ಹೊರಟಿದ್ದರೆ ಅವನು ಏನೂ ಮಾಡುವ ಹಾಗಿರಲಿಲ್ಲ. ಒಂದು ಕೈ ಅಂಥ ಕಾರನ್ನು ತಡೆಯುತ್ತದೆಯೇ? ಅವಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. ತಂದೆಯ ಕೈ ನೋಡಿದಳು. ಅದು ಇನ್ನೂ ಬಾನೆಟ್ಟಿನ ಮೇಲೇ ಇತ್ತು. ಅವಳು ಎಂಜಿನ್ ಆಫ್ ಮಾಡಿದಳು.

ಹೊರರಾಜ್ಯದವನು ಒಬ್ಬನೇ ಓಡಿದ. ಗೆದ್ದ ಎಂದು ಸಾರಿದರು. ಜನ ಹುಡುಗಿಯನ್ನು ಹಂಗಿಸಿದರು. ಅಪ್ಪನಿಗೆ ಪುಕ್ಕಲು ಎಂದು ಕೂಗಿದರು. ಅವಳು ಕಾರಿನಿಂದ ಇಳಿಯಲಿಲ್ಲ. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. 

ನಾಲ್ಕು ಜನ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿದರು. ಅವನು ಅಲ್ಲೇ ಬಿಸಿಲಲ್ಲಿ ಎಂಜಿನ್ ಬಿಚ್ಚಲು ತೊಡಗಿದ. ಬಿಸಿ ಉಕ್ಕು ಬೆರಳನ್ನು ಸುಡುತ್ತಿತ್ತು. ಯಾರೋ ಬಟ್ಟೆ ಕೊಟ್ಟರು, ತೆಗೆದುಕೊಳ್ಳಲಿಲ್ಲ. ಹಂಗಿಸಿದವರೂ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ನಾನೂ ಬೇಲಿ ದಾಟಿ ಹೋದೆ. ಕಾವಿ ತಂತಿಗೆ ಸಿಕ್ಕಿ ಹರಿಯಿತು. ಹಾಲಮ್ಮ, ಆ ತೇಪೆ ನೀನೇ ಹಾಕಿದ್ದು, ಎಲ್ಲಿ ಹರಿದುಕೊಂಡಿರಿ ಎಂದು ಬೈದಿದ್ದೆ.

ಕೊನೆಗೆ ಅವನು ಆ ಟ್ಯಾಪೆಟ್ಟನ್ನು ಮೇಲೆತ್ತಿದ. ತೊಳೆದು ಅಂಗೈಯಲ್ಲಿ ಇಟ್ಟುಕೊಂಡ.

ಚಕ್ರದ ಹೊಟ್ಟೆಯಲ್ಲಿ ಕಡ್ಡಿಗಳು ಇರಲಿಲ್ಲ. ಒಂದೂ ಇರಲಿಲ್ಲ. ಹಿಟ್ಟಾಗಿ ಎಣ್ಣೆಯಲ್ಲಿ ಸೇರಿಹೋಗಿದ್ದವು. ಚಕ್ರ ಗುಂಡಗಿರಲಿಲ್ಲ. ಒಂದು ಕಡೆ ಚಪ್ಪಟೆಯಾಗಿತ್ತು, ಅಂಚಿನಲ್ಲಿ ಸೀಳು ಬಿಟ್ಟಿತ್ತು. ಅವನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಎರಡು ಹೋಳಾಗಿ ಅಂಗೈ ಮೇಲೆ ಬಿತ್ತು.

 ಇಷ್ಟು ಆಗಿಹೋಗಿದ್ದರೂ ಅದು ಈಗ ತಾನೇ ಗೆರೆಯ ಮೇಲೆ ನಿಂತು ಅಪಸ್ವರವಿಲ್ಲದೆ ಹಾಡುತ್ತಿತ್ತಲ್ಲ. ಗೆದ್ದವನು ಹಾರ ಹಾಕಿಕೊಂಡೇ ನೋಡಲು ಬಂದಿದ್ದ. ಆ ಎರಡು ಹೋಳು ಕಂಡು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಅದರ ಅರ್ಥ ಗೊತ್ತಿತ್ತು. ಓಡಿದ್ದರೆ ಆ ಹುಡುಗಿ ಅರ್ಧ ಪಟ್ಟಿಯನ್ನೂ ದಾಟುತ್ತಿರಲಿಲ್ಲ.  ಪಾಪ, ಆ ಚಕ್ರ ಏನು ಮಾಡಬೇಕಿತ್ತು ಹೇಳು? ಅದಕ್ಕೆ ಇದ್ದದ್ದು ಒಂದೇ ಬಾಯಿ, ಆ ಟಿಕ್ ಟಿಕ್. ಪ್ರತಿ ವಾರ ತಪ್ಪದೆ ಹೇಳಿತು. ಪ್ರತಿ ವಾರ ತಪ್ಪದೆ ಅವನು ಅದರ ಬಾಯಿಗೆ ತಿರುಪು ಹಾಕಿದ. ಆದರೂ ಅದು ಹೇಳುವುದನ್ನು ಬಿಡಲಿಲ್ಲ. ತಾನು ಸವೆಯುವಷ್ಟೂ ಹೇಳಿತು. ಅಂಥ ನಿಷ್ಠೆಯನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ.

ಆಗ ಮಗಳು ಕಾರಿನಿಂದ ಇಳಿದು ಬಂದಳು. ಜನ ದಾರಿ ಬಿಟ್ಟರು. ಅವಳು ತಂದೆಯ ಅಂಗೈ ನೋಡಿದಳು.  ಅವಳಿಗೂ ಹಿಂದೆ ಪಟ್ಟಿಯಲ್ಲಿ ಸತ್ತ ಆ ಹುಡುಗನ ನೆನಪಾಗಿರಬೇಕು.

"ಇದು ಯಾವಾಗಿನಿಂದ ಅಪ್ಪಾ?" ಎಂದು ಕೇಳಿದಳು.

"ಬಹಳ ದಿನದಿಂದ" ಎಂದ.

"ಅಷ್ಟು ದಿನವೂ ನಾನು ಇದರೊಳಗೇ ಕೂತಿದ್ದೆ."

 ತಂದೆ ಆ ಎರಡು ಹೋಳುಗಳನ್ನು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಊರಿನಲ್ಲೇ ಎತ್ತರದ ಆಳು, ಮಗುವಿನ ಹಾಗೆ ಅತ್ತ. ಅವಳು ಅವನ ಪಕ್ಕದಲ್ಲಿ ಕೂತು ಎಣ್ಣೆ ಹತ್ತಿದ ಅವನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಹಾಲಮ್ಮ ಎಲೆ ಹಚ್ಚುವುದನ್ನು ಮರೆತು ಸೆರಗಿನಿಂದ ಮುಖ ಒರೆಸಿಕೊಂಡಳು.

"ತಿಳಿಯಿತೇ?" ಎಂದು ಗುರುಗಳು ಅವಳನ್ನು ಕೇಳಿದರು.

"ಎಂಜಿನ್ ತಿಳಿಯಲಿಲ್ಲ ಬುದ್ಧಿ. ಅಪ್ಪ ಮಗಳು ತಿಳಿದರು" ಎಂದಳು.

ಓಂಕಾರಪ್ಪ ತಲೆ ತಗ್ಗಿಸಿ ಯೋಚಿಸುತ್ತಿದ್ದ. ಆಮೇಲೆ ಕೈ ಮುಗಿದ.

"ಅವನು ಕಟ್ಟಳೆ ಮೀರಿದ. ಅದಕ್ಕೇ ಹಾಗಾಯಿತು. ನಾನು ಯಾವ ಕಟ್ಟಳೆಯನ್ನೂ ಮೀರಿಲ್ಲ ಬುದ್ಧಿ. ಜಪ ಬಿಟ್ಟಿಲ್ಲ, ಉಪವಾಸ ಬಿಟ್ಟಿಲ್ಲ. ಅದು ಎದ್ದಾಗಲೆಲ್ಲ ಅಡಗಿಸಿದ್ದೇನೆ. ಇನ್ನೊಂದು ಸ್ವಲ್ಪ ಬಲವಾದ ಮಂತ್ರ ಕೊಟ್ಟರೆ ಸಾಕು, ಪೂರ್ತಿ..."

ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳುತ್ತಿದ್ದೇನೆ ಎಂಬುದು ಅವನ ಕಿವಿಗೇ ಕೇಳಿಸಿತು. ಅವನು ಗುರುಗಳ ಮುಖ ನೋಡಿದ. ಗುರುಗಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಮಂತ್ರ ಕೊಡುತ್ತೇನಪ್ಪ" ಎಂದರು ಗುರುಗಳು, "ಅದಕ್ಕೆ ಮೊದಲು ಹೇಳು, ಮನೆಯಲ್ಲಿ ಯಾರನ್ನು ಬಿಟ್ಟು ಬಂದೆ?"

ಓಂಕಾರಪ್ಪನ ಕಣ್ಣಲ್ಲಿ ನೀರು ಬಂತು, ಈ ಸಲ ಅವನು ಅದನ್ನು ಅಡಗಿಸಲಿಲ್ಲ.